ಅಕ್ಕ ಹೊಲಿದ ದಿಂಬು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಆ ಕ್ಯಾಂಟೀನಿನವನ ಜೊತೆ ಜಗಳವಾಡಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀಯಾ? ನಿನ್ನ ಸೇತುವೆ ನದಿಯ ಅರ್ಧಕ್ಕಾದರೂ ಬಂತೇ? ಗಾಳಿ ಜೋರಾದರೆ ಕ್ರೇನಿನ ಗೂಡು ತೊಟ್ಟಿಲ ಹಾಗೆ ತೂಗುತ್ತದೆ ಎಂದು ಡಿಸೆಂಬರಿನಲ್ಲಿ ಬಂದಾಗ ನಗುತ್ತ ಹೇಳಿದ್ದೆ. ನಿನಗೇನೋ ನಗು. ಇಲ್ಲಿ ಅಂಗಡಿಯ ಬೋರ್ಡು ಗಾಳಿಗೆ ಕಿರ್ ಎಂದರೂ ನನ್ನ ಜೀವ ಹೋಗಿ ಬರುತ್ತದೆ. ನಾನು ಹೊಲಿದುಕೊಟ್ಟ ದಿಂಬಿನ ಮೇಲೆಯೇ ಕೂರುತ್ತಿದ್ದೀಯಾ? ಆ ದಿಂಬಿನ ಮಾತಿಗೆ ಆಮೇಲೆ ಬರುತ್ತೇನೆ. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಈ ಕಾಗದ ಬರೆಯಲು ಕೂತದ್ದು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಕೈ ತಡೆಯಿತು. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ ಬರುವುದು ಹವಾಮಾನ ಮತ್ತು ತರಕಾರಿ. ಅದಕ್ಕೇ ಕಾಗದ. ಅರ್ಧ ಓದಿ ಮಡಚಿ ಜೇಬಿಗೆ ತುರುಕುವ ನಿನ್ನ ಚಟ ನನಗೆ ಗೊತ್ತಿದೆ. ಈ ಸಲ ಹಾಗೆ ಮಾಡಬೇಡ. ಕ್ರೇನು ಹತ್ತುವ ಮೊದಲು ಓದಬೇಡ, ಮೇಲೆ ಕೂತಂತೂ ಓದಲೇಬೇಡ. ಕೆಳಗಿಳಿದು, ಕೈಕಾಲು ತೊಳೆದು, ಒಂದು ಕಡೆ ಕೂತು ಕೊನೆಯವರೆಗೂ ಓದು.

ಅಪ್ಪನಿಗೆ ಕ್ಯಾನ್ಸರ್ ಆಗಿತ್ತು ಕಣೋ. ದೊಡ್ಡ ಕರುಳಿನಲ್ಲಿ. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಗಾಬರಿಯಾಗಬೇಡ, ಈಗ ಚೆನ್ನಾಗಿದ್ದಾರೆ. ಇದೊಂದನ್ನು ನೀನು ನಂಬಬಹುದು, ಡಾಕ್ಟರು ಹೇಳಿದ ಮಾತು, ನನ್ನದಲ್ಲ. ಈ ಕ್ಷಣ ಅವರು ಮುಂದಿನ ಕೋಣೆಯಲ್ಲಿ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಯಾರದೋ ಕೋಟಿನ ಹರಿದ ತೋಳಿಗೆ ಎಳೆಗೆ ಎಳೆ ಕೂಡಿಸಿ ರಫೂ ಮಾಡುತ್ತಿದ್ದಾರೆ, ಭಾನುವಾರವಾದರೂ. ಹಾಡು ಬೇರೆ ಗುನುಗುತ್ತಿದ್ದಾರೆ, ಶ್ರುತಿ ಬಿಟ್ಟು. ಇಷ್ಟು ದೊಡ್ಡ ವಿಷಯವನ್ನು ನಿನ್ನಿಂದ ಇಷ್ಟು ತಿಂಗಳು ಮುಚ್ಚಿಟ್ಟೆವು. ನೀನು ಬೈಯುತ್ತೀಯ, ಬೈಯಲೇಬೇಕು. ನಾನು ನಿನ್ನ ಜಾಗದಲ್ಲಿ ಇದ್ದಿದ್ದರೆ ಮನೆಗೆ ಬಂದು ಪಾತ್ರೆ ಎಸೆದಾಡುತ್ತಿದ್ದೆ.

ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ಅಪ್ಪನಿಗೆ ಎಷ್ಟೋ ದಿನಗಳಿಂದ ಹೊರಕಡೆಗೆ ಹೋದಾಗ ರಕ್ತ ಬೀಳುತ್ತಿತ್ತಂತೆ. ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ, ಬೆಳಗಿಂದ ಸಂಜೆಯವರೆಗೆ ಕೂತು ಸೂಜಿ ಹಿಡಿಯುವವರಿಗೆ ಇದು ಇದ್ದದ್ದೇ ಎಂದು ತಮಗೆ ತಾವೇ ಡಾಕ್ಟರಾಗಿ ತೀರ್ಪು ಕೊಟ್ಟುಕೊಂಡಿದ್ದರು. ಮೈ ಇಳಿಯುತ್ತಿದ್ದದ್ದು ನನಗೆ ಕಾಣಲಿಲ್ಲ. ಒಂದೇ ಮನೆಯಲ್ಲಿದ್ದೂ ಹೇಗೆ ಕಾಣಲಿಲ್ಲ ಎಂದು ನೀನು ಕೇಳುತ್ತೀಯ. ಪ್ಯಾಂಟು ಸಡಿಲವಾದ ಹಾಗೆಲ್ಲ ಅವರೇ ಸೊಂಟದ ಪಟ್ಟಿ ಬಿಚ್ಚಿ, ಒಳಗೆ ತೆಗೆದುಕೊಂಡು, ಮತ್ತೆ ಹೊಲಿದುಕೊಳ್ಳುತ್ತಿದ್ದರು! ಅಂಗಿಯ ಕಾಲರನ್ನೂ ಬಿಟ್ಟಿರಲಿಲ್ಲ. ಬೇರೆಯವರ ಅಪ್ಪನಾಗಿದ್ದರೆ ಬಟ್ಟೆ ಜೋತು ಬಿದ್ದು ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಪ್ಪನ ಬಟ್ಟೆ ಮಾತ್ರ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಒಂದು ದಿನ ಇಸ್ತ್ರಿ ಮಾಡುವಾಗ ಪಟ್ಟಿಯ ಒಳಗೆ ದಪ್ಪವಾಗಿ ಏನೋ ಸಿಕ್ಕಿತು. ಮಗುಚಿ ನೋಡಿದರೆ ಮಡಿಕೆಯ ಮೇಲೆ ಮಡಿಕೆ. ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ. ಆಗ ಬಾಯಿ ಬಿಟ್ಟರು, ಅದೂ ನೆಲ ನೋಡುತ್ತ.

ನಿನಗೆ ನೆನಪಿರಲಿಕ್ಕಿಲ್ಲ, ನಿನಗೆ ಗುಂಡಿ ಎಂದು ಹೆಸರು ಬಿದ್ದದ್ದು ಯಾಕೆ ಅಂತ ಮಾತ್ರ ಗೊತ್ತು. ಯಾರದೋ ದುಬಾರಿ ಕೋಟಿನ ಹಿತ್ತಾಳೆ ಗುಂಡಿಯನ್ನು ನೀನು ನುಂಗಿದ್ದೆ. ಅದು ಆಚೆ ಬರುವವರೆಗೆ ಇಡೀ ಮನೆಗೆ ಬೇರೆ ಕೆಲಸವಿರಲಿಲ್ಲ. ನೀನು ಕೂತರೆ ಸಾಕು, ಅಮ್ಮ ಒಂದು ಕಡೆ, ಅಪ್ಪ ಒಂದು ಕಡೆ, ಟಾರ್ಚು ಹಿಡಿದು ನಾನು. ಅಪ್ಪ ಕಡ್ಡಿಯಿಂದ ಕೆದಕಿ ನೋಡುತ್ತಿದ್ದರು, ಒಂದು ಚೂರು ಅಸಹ್ಯವಿರಲಿಲ್ಲ. ಗುಂಡಿ ಸಿಕ್ಕಿದ ದಿನ ಎತ್ತಿ ಹಿಡಿದು ಕುಣಿದರು. ಅಂಥ ಮನುಷ್ಯ ತಮ್ಮ ವಿಷಯ ಬಂದಾಗ ಬಚ್ಚಲಿನ ಬಾಗಿಲು ಹಾಕಿಕೊಂಡು ನೀರು ಸುರಿದು ಬಂದುಬಿಡುತ್ತಿದ್ದರು. ನಮಗೆಲ್ಲ ಈ ನಾಚಿಕೆ ಯಾವಾಗ ಅಂಟಿಕೊಂಡಿತೋ ಗೊತ್ತಿಲ್ಲ.

ಆಮೇಲೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಎಡಗಡೆ ಕೆಳಭಾಗದಲ್ಲಿ ಗಂಟು, ಬೇರೆಲ್ಲೂ ಹರಡಿದ ಹಾಗೆ ಕಾಣುತ್ತಿಲ್ಲ ಎಂದರು. ಸರ್ಜನ್ ಒಬ್ಬ ಹೆಂಗಸು, ನನಗಿಂತ ಚಿಕ್ಕವರು, ಮಾತಿಗಿಂತ ಪೆನ್ಸಿಲು ಹೆಚ್ಚು. ಕಾಗದದ ಮೇಲೆ ಕರುಳು ಬರೆದು ತೋರಿಸಿದರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುವುದು ಒಂದು ದಾರಿ. ಕೆಲವು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ ಹಾಕಿ, ಪರದೆ ನೋಡುತ್ತ ಮಾಡುವುದು ಇನ್ನೊಂದು. ಅಪ್ಪನ ಗಂಟು ಇರುವ ಜಾಗಕ್ಕೆ, ಅವರ ಮೈಗೆ, ಎರಡನೆಯದು ಆಗುತ್ತದೆ, ಎಲ್ಲರಿಗೂ ಆಗುವುದಿಲ್ಲ ಎಂದರು. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಆದರೆ ಒಳಗೆ ಹೋದ ಮೇಲೆ ಕಷ್ಟ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಹೊಟ್ಟೆ ಕೊಯ್ಯಬೇಕಾಗಬಹುದು, ಅದಕ್ಕೂ ಒಪ್ಪಿಗೆ ಬೇಕು ಎಂದೂ ಹೇಳಿದರು. ಅಪ್ಪನಿಗೆ ಖುಷಿಯೋ ಖುಷಿ. "ಅಂದ್ರೆ ಒಳಗಿಂದಾನೇ ರಫೂ ಮಾಡ್ತೀರಾ ಮೇಡಂ?" ಎಂದರು. ಅವರು ತಲೆಯಲ್ಲಾಡಿಸಿ, "ರಫೂ ಅಲ್ಲ ಯಜಮಾನ್ರೇ. ಗಂಟಿರೋ ತುಂಡನ್ನ ಸುತ್ತಮುತ್ತಲ ಗ್ರಂಥಿಗಳ ಸಮೇತ ಕತ್ತರಿಸಿ ತೆಗೀತೀವಿ, ಎರಡು ತುದಿ ಸೇರಿಸ್ತೀವಿ. ತೂತು ಚಿಕ್ಕದು ಅಂತ ಆಪರೇಷನ್ ಚಿಕ್ಕದು ಅಂದ್ಕೋಬೇಡಿ, ಒಳಗಿನ ಕೆಲಸ ಎರಡರಲ್ಲೂ ಅದೇ" ಎಂದರು. ನಮ್ಮ ಇಡೀ ಮನೆ ಕಿವಿಗೆ ಹಾಕಿಕೊಳ್ಳದೆ ಹೋದ ಮಾತು ಇದು.

ಅಪ್ಪ ಕೇಳಿದ ಮುಂದಿನ ಪ್ರಶ್ನೆ ಏನು ಗೊತ್ತಾ? ಉಳೀತೀನಾ, ಇಲ್ವಾ ಅಂತಲ್ಲ. "ಆಮೇಲೆ ಗುರುತು ಕಾಣುತ್ತಾ?" ಡಾಕ್ಟರಿಗೆ ಆಶ್ಚರ್ಯ, ಈ ವಯಸ್ಸಿನ ಗಂಡಸರು ಅದನ್ನು ಕೇಳುವುದಿಲ್ಲವಂತೆ. ಅಷ್ಟಾಗಿ ಕಾಣುವುದಿಲ್ಲ ಎಂದ ಕೂಡಲೇ ಅಪ್ಪ ನನ್ನ ಕಡೆ ತಿರುಗಿ, "ಹಂಗಾದ್ರೆ ಗುಂಡಿಗೆ ಹೇಳೋದು ಬೇಡ" ಎಂದರು. ನಮ್ಮ ಅಂಗಡಿಯ ಕಟ್ಟಳೆ ನಿನಗೆ ಗೊತ್ತೇ ಇದೆಯಲ್ಲ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ತೆಗೆದು ರಫೂ ಮಾಡಿ, ಗಿರಾಕಿ ಬಂದು ಎಲ್ಲಿ ಹರಿದಿತ್ತು ಎಂದು ಕೇಳಿದರೆ ಬೆರಳಿಟ್ಟು ತೋರಿಸುವ ಹಾಗಿಲ್ಲ. "ನೀವೇ ಹುಡುಕಿ" ಎಂದು ಹೇಳಿ ಕೈಕಟ್ಟಿ ನಿಲ್ಲಬೇಕು. ಗಿರಾಕಿ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ ಸೋತು ನಕ್ಕರೆ ಅಪ್ಪನಿಗೆ ಅದೇ ಊಟ. ತಮ್ಮ ಹೊಟ್ಟೆಗೂ ಅದೇ ಕಟ್ಟಳೆ ಹಾಕಿದರು. ಕಾರಣ ಕೇಳಿದ್ದಕ್ಕೆ, "ಅವನು ಅಷ್ಟೆತ್ತರ ಕೂತು ಕಬ್ಬಿಣದ ತೊಲೆ ಎತ್ತೋನು. ಮನಸ್ಸು ಅಲ್ಲಾಡಿದ್ರೆ ಕೈ ಅಲ್ಲಾಡುತ್ತೆ. ಕೆಳಗೆ ಜನ ಇರ್ತಾರೆ" ಎಂದರು. ನಾನೂ ಹೂಂ ಎಂದೆ. ಮನಸ್ಸಿನ ಮೂಲೆಯಲ್ಲಿ ನನಗೂ ಹಗುರವಾಯಿತು, ಹೇಳುವ ಕಷ್ಟ ತಪ್ಪಿತಲ್ಲ ಎಂದು.

ಆಪರೇಷನ್ ದಿನದ ಕಥೆ ದೊಡ್ಡದು, ಬಂದಾಗ ನಿನ್ನ ಭಾವ ಅಭಿನಯ ಮಾಡಿ ತೋರಿಸುತ್ತಾರೆ. ಕೊಯ್ಯಬೇಕಾಗಿ ಬರಲಿಲ್ಲ, ತೂತಿನಲ್ಲೇ ಮುಗಿಯಿತು. ತುಂಡನ್ನು ಆಚೆ ತೆಗೆಯಲು ಒಂದು ತೂತನ್ನು ಮಾತ್ರ ಸ್ವಲ್ಪ ಹಿಗ್ಗಿಸಿದ್ದರಂತೆ. ಎಚ್ಚರವಾದ ಮೇಲೆ ಅಪ್ಪ ಭುಜ ನೋವು, ಭುಜ ನೋವು ಎಂದು ನರಳಿದಾಗ ಹೊಟ್ಟೆ ಆಪರೇಷನ್ನಿಗೆ ಭುಜ ಯಾಕೆ ನೋಯುತ್ತದೆ, ಇದು ಎದೆಯದೇ ಎಂದು ನಾನು ಕಾರಿಡಾರಿನಲ್ಲಿ ಕೂಗಿಕೊಂಡು ಓಡಿದೆ. ನರ್ಸು ನನ್ನನ್ನು ಕೂರಿಸಿ, ಒಳಗೆ ನೋಡುವುದಕ್ಕೆ ಹೊಟ್ಟೆಗೆ ಗಾಳಿ ತುಂಬಿರುತ್ತಾರೆ, ಅದರ ನೋವು ಭುಜಕ್ಕೆ ಬರುತ್ತದೆ ಎಂದು ತಿಳಿಹೇಳಿದರು. ಆಮೇಲೆ ಕರುಳು ಕೆಲಸ ಶುರುಮಾಡಿತೋ ಇಲ್ಲವೋ ಎಂಬ ಚಿಂತೆ. ಬಂದವರೆಲ್ಲರದೂ ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಅಪ್ಪ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿಬಿಡುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಅದು ಹೋದಾಗ ನಿನ್ನ ಭಾವ, ಬಸ್ಸಿನಲ್ಲಿ ಸ್ಟಾಪು ಕೂಗುವ ತಮ್ಮ ಕಂಡಕ್ಟರ್ ದನಿಯಲ್ಲಿ, ವಾರ್ಡಿನ ಆ ತುದಿಯಿಂದ ಈ ತುದಿಯವರೆಗೆ ಸುದ್ದಿ ಮುಟ್ಟಿಸಿದರು. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು. ಅಪ್ಪ ಮಾರನೆಯ ದಿನದವರೆಗೆ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಭಾವ ಯಾಕೆ ಫೋನಿಗೆ ಬರುವುದಿಲ್ಲ, ನನ್ನ ಮೇಲೆ ಏನಾದರೂ ಕೋಪವೇ ಎಂದು ನೀನು ಕೇಳುತ್ತಿದ್ದೆಯಲ್ಲ, ಕಾರಣ ಇಷ್ಟೇ. ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನೀನು ಹಲೋ ಎಂದರೆ ಎಲ್ಲ ಕಕ್ಕಿಬಿಡುತ್ತಿದ್ದರು. ನಾನೇ ಫೋನು ಕೊಡುತ್ತಿರಲಿಲ್ಲ.

ಮನೆಗೆ ಬಂದು ಪಟ್ಟಿ ಬಿಚ್ಚಿದ ಮೇಲೆ ನಾನು ಗಾಯ ನೋಡಿದೆ. ಹೆದರಿಕೊಂಡೇ ನೋಡಿದೆ, ನೋಡಿದರೆ ಅಷ್ಟೇನಾ ಅನ್ನಿಸಿತು. ಅಲ್ಲೊಂದು ಇಲ್ಲೊಂದು ಸಣ್ಣ ಗೀಟು. ನಾನು ಕತ್ತರಿಯಲ್ಲಿ ಬೆರಳು ಕೊಯ್ದುಕೊಂಡಾಗ ಇದಕ್ಕಿಂತ ದೊಡ್ಡದಾಗುತ್ತದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಕಾಯಿಲೆಯೂ ಅಷ್ಟೇ ಚಿಕ್ಕದಾಗಿಬಿಟ್ಟಿತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು, ಅಪ್ಪ ಬಟ್ಟೆಯ ಗಂಟು ಎತ್ತಿದರು, ನಾನು ನೋಡಿಯೂ ಸುಮ್ಮನಿದ್ದೆ. ತೆಗೆದ ತುಂಡಿನ ವರದಿ ಬಂತು. ಗ್ರಂಥಿಗಳಲ್ಲಿ ಏನೂ ಇಲ್ಲ, ಸದ್ಯಕ್ಕೆ ಬೇರೆ ಔಷಧಿ ಬೇಡ, ಆಗಾಗ ಬಂದು ತೋರಿಸಿ ಎಂದರು. ನಾವು ಎದ್ದು ಹೊರಟಾಗ ಆ ಡಾಕ್ಟರು ನಮ್ಮನ್ನು ಬಾಗಿಲಿಂದ ವಾಪಸು ಕರೆದರು. "ನಿಮಗೆ ಮಕ್ಕಳೆಷ್ಟು ಜನ? ಅವರಿಗೂ ಇದು ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ನಲವತ್ತರ ಹೊತ್ತಿಗೆ ಎಲ್ಲರೂ ಕ್ಯಾಮೆರಾ ಪರೀಕ್ಷೆ ಮಾಡಿಸ್ಕೊಳ್ಳಿ. ಯಾರಿಗಾದ್ರೂ ರಕ್ತ ಕಂಡ್ರೆ ವಯಸ್ಸು ನೋಡ್ಬೇಡಿ, ತಕ್ಷಣ ಬನ್ನಿ" ಎಂದರು. ಅಪ್ಪ ಕೈಮುಗಿದು ಆಯ್ತು ಮೇಡಂ ಎಂದರು. ನಾನೂ ತಲೆಯಾಡಿಸಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಇಬ್ಬರೂ ಆಟೋ ಹುಡುಕುವ ಮಾತಾಡುತ್ತಿದ್ದೆವು.

ಡಿಸೆಂಬರಿನಲ್ಲಿ ನೀನು ಬಂದೆ. ನೀನು ಬರುತ್ತೀಯ ಎಂದು ತಿಳಿದ ದಿನವೇ ಅಪ್ಪ ಮಾತ್ರೆಗಳನ್ನು ದಾರದ ಡಬ್ಬಿಯಲ್ಲಿ ಬಚ್ಚಿಟ್ಟರು, ನಾನು ನಿನ್ನ ಭಾವನನ್ನು ದೂರದ ರೂಟಿನ ಡ್ಯೂಟಿಗೆ ಅಟ್ಟಿದೆ. ನಿನ್ನೆದುರು ನೆಟ್ಟಗೆ ನಡೆದರು, ಬಗ್ಗಿ ಸೂಜಿ ಹೆಕ್ಕಿದರು, ನಿನ್ನ ಹರಿದ ಜಾಕೆಟ್ಟಿಗೆ ರಫೂ ಮಾಡಿ ನೀನೇ ಹುಡುಕು ಎಂದು ಕೈಕಟ್ಟಿ ನಿಂತರು. ನೀನು ಹುಡುಕಿ ಸೋತೆ. ನಿನಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗುವುದಕ್ಕೆ ಏನೂ ಹೊರಗೆ ಕಾಣುತ್ತಿರಲಿಲ್ಲ. ಅಪ್ಪ ಸ್ವಲ್ಪ ಇಳಿದಿದಾರಲ್ವಾ ಅಕ್ಕಾ ಎಂದು ಒಂದು ಸಲ ಕೇಳಿದೆ. ಬೆಳಿಗ್ಗೆ ವಾಕಿಂಗ್ ಹೋಗ್ತಾರೆ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವತ್ತು ಅಡುಗೆಮನೆಗೆ ಬಂದು ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಯಿತು.

ಈಗ ದಿಂಬಿನ ಮಾತು. ನೀನು ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಕೂತಿದ್ದೆವು, ಮೂರು ಜನ. ನೀನು ಅಪ್ಪನ ಮೆತ್ತೆ ಎಳೆದುಕೊಂಡು ಅದರ ಮೇಲೆ ಕೂತು, ನಗುತ್ತ ಹೇಳಿದೆ, "ಕ್ರೇನ್ ಓಡಿಸೋರಿಗೆ ಸಿಗೋ ಬಹುಮಾನ ಕಣಕ್ಕಾ ಇದು, ಮೂಲವ್ಯಾಧಿ. ಆಗಾಗ ರಕ್ತಾನೂ ಬೀಳುತ್ತೆ. ಕೂತು ಕೂತು ಅಷ್ಟೇ." ಅಷ್ಟು ಹೇಳಿ ನೀನು ಬಿಸ್ಕತ್ತು ಟೀಗೆ ಅದ್ದಿ ತಿಂದೆ. ಅಪ್ಪನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತು. ನಾನು ನೋಡಿದೆ. ಅವರು ನನ್ನನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು ಗುಂಡಿ, ಆ ಡಾಕ್ಟರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ್ದರೆ ಸಾಕಿತ್ತು. ಆದರೆ ನಿನಗೆ ಹೇಳಬೇಕಾದರೆ ಅಪ್ಪನ ಕಥೆ ಆಚೆ ಬರಬೇಕು, ಅಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದರು. ಅಪ್ಪನ ಮೇಲೆ ಹೊರೆಸಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನಿನಗೆ ಇನ್ನೂ ಮೂವತ್ತೈದೂ ಆಗಿಲ್ಲ, ನಿನ್ನದು ನಿಜವಾಗಿಯೂ ಮೂಲವ್ಯಾಧಿಯೇ ಇರುತ್ತದೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಆಮೇಲೆ ಏನು ಮಾಡಿದೆ ಹೇಳು? ಒಳ್ಳೆಯ ಅಕ್ಕನ ಹಾಗೆ ಕತ್ತರಿ ತೆಗೆದುಕೊಂಡು, ನೀಲಿ ಬಟ್ಟೆ ಆರಿಸಿ, ಹತ್ತಿ ತುಂಬಿ, ನಡುವೆ ತೂತು ಬಿಟ್ಟು ಒಂದು ದಿಂಬು ಹೊಲಿದೆ. ಅಂಚಿಗೆ ಎರಡು ಸಾಲು ಹೊಲಿಗೆ ಬೇರೆ, ಬಹಳ ದಿನ ಬಾಳಿಕೆ ಬರಲಿ ಎಂದು. ಬಸ್ಸಿನ ಕಿಟಕಿಯಲ್ಲಿ ನೀನು ಅದನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ನಮ್ಮನ್ನು ನಗಿಸಿದೆ. ನಾನು ನಕ್ಕೆ ಕಣೋ. ಬಸ್ಸು ತಿರುವು ದಾಟುವವರೆಗೂ ನಗುತ್ತ ಕೈ ಬೀಸಿದೆ.

ಮನೆಗೆ ಬಂದ ಮೇಲೆ ಅಪ್ಪನೂ ನಾನೂ ಆ ವಿಷಯ ಎತ್ತಲಿಲ್ಲ. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೆಲಸ ಮಾಡಿದೆವು. ಅವರು ರಫೂ ಮಾಡಿದ್ದನ್ನೇ ಬಿಚ್ಚಿ ಮತ್ತೆ ಮಾಡುತ್ತಿದ್ದರು, ಕೈ ಕೂಡುತ್ತಿಲ್ಲ ಎನ್ನುತ್ತಿದ್ದರು. ನಾನು ಉಪ್ಪು ಹಾಕುವುದು ಮರೆಯುತ್ತಿದ್ದೆ, ಇಲ್ಲ ಎರಡು ಸಲ ಹಾಕುತ್ತಿದ್ದೆ. ನಿನ್ನ ಭಾವ ಬೇಸತ್ತು, "ಇಬ್ಬರೂ ಬಾಯಿಗೆ ಹೊಲಿಗೆ ಹಾಕ್ಕೊಂಡಿದೀರಾ?" ಎಂದು ಕೇಳಿದರು. ಕಳೆದ ತಿಂಗಳು ಅವರೇ ನನ್ನನ್ನು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು, ನನಗೆ ನಲವತ್ತು ದಾಟಿದೆಯಲ್ಲ. ಹಿಂದಿನ ದಿನ ಹೊಟ್ಟೆ ತೊಳೆಯುವ ಔಷಧಿ ಕುಡಿದು ಬಚ್ಚಲಲ್ಲೇ ಬಿಡಾರ ಹೂಡಬೇಕು, ಅಷ್ಟೇ ಕಷ್ಟ. ಪರೀಕ್ಷೆಯಲ್ಲಿ ನಿದ್ದೆ ಬರಿಸುತ್ತಾರೆ, ಏನೂ ಗೊತ್ತಾಗುವುದಿಲ್ಲ. ನನ್ನ ಕರುಳಿನಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು. ಆ ಕೊಳವೆಯಲ್ಲಿಯೇ ಕತ್ತರಿಸಿ ತೆಗೆದರು, ತೂತೂ ಇಲ್ಲ, ಹೊಲಿಗೆಯೂ ಇಲ್ಲ. ಕೆಟ್ಟದ್ದಲ್ಲ, ಬಿಟ್ಟಿದ್ದರೆ ವರ್ಷಗಳ ಮೇಲೆ ಕೆಟ್ಟದ್ದಾಗಬಹುದಿತ್ತು ಎಂದರು. ಡಾಕ್ಟರು ಫೈಲು ನೋಡಿ, "ನಿಮ್ಮ ತಮ್ಮಂಗೆ ಆಯ್ತಾ?" ಎಂದು ಸಹಜವಾಗಿ ಕೇಳಿದರು. ನನಗೆ ನಿದ್ದೆಯ ಅಮಲು ಪೂರ್ತಿ ಇಳಿದಿರಲಿಲ್ಲ, ಆದರೂ ನಿನ್ನ ನೀಲಿ ದಿಂಬು ಕಣ್ಣೆದುರು ಬಂತು. ಮಂಚದ ಮೇಲೆ ಕೂತು ಗೊಳೋ ಎಂದು ಅತ್ತೆ. ಗಂಟು ಸಿಕ್ಕಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಪಾಪ ಆ ನರ್ಸು ನನ್ನ ಬೆನ್ನು ಸವರುತ್ತಿದ್ದರು.

ನನ್ನ ಕರುಳನ್ನು ತೊಳೆಸಿ, ಬೆಳಕು ಹಾಕಿಸಿ, ಗಂಟು ತೆಗೆಸಿಕೊಂಡು ನಾನು ಹಾಯಾಗಿ ಬಂದೆ. ನಿನಗೆ ಮಾತ್ರ ಹತ್ತಿ ತುಂಬಿದ ದಿಂಬು. ಈ ಲೆಕ್ಕ ನನಗೆ ಯಾವ ದಿಕ್ಕಿನಿಂದ ನೋಡಿದರೂ ಸರಿಹೋಗುತ್ತಿಲ್ಲ. ಅಮ್ಮ ತೀರಿಕೊಳ್ಳುವಾಗ ಪಕ್ಕದಲ್ಲಿ ನಿದ್ದೆಹೋಗಿದ್ದ ನಿನ್ನ ಕೈ ತೆಗೆದು ನನ್ನ ಕೈಯಲ್ಲಿಟ್ಟಿದ್ದಳು, ನಾನು ಅದನ್ನು ಯಾರಿಗೂ ಹೇಳುವುದಿಲ್ಲ, ನಿನಗೂ ಹೇಳಬಾರದು ಎಂದುಕೊಂಡಿದ್ದೆ. ನಿನ್ನನ್ನು ಹೆದರಿಸಲು ಇದೆಲ್ಲ ಬರೆಯುತ್ತಿಲ್ಲ. ನಿನ್ನದು ಬರೀ ಮೂಲವ್ಯಾಧಿಯೇ ಆಗಿರಬಹುದು, ಹಾಗೇ ಆಗಿರಲಿ, ಆಮೇಲೆ ನನ್ನನ್ನು ಹೆದರುಪುಕ್ಕಲಿ ಎಂದು ಜೀವನಪೂರ್ತಿ ಆಡಿಕೋ, ಕೇಳಿಸಿಕೊಳ್ಳುತ್ತೇನೆ. ಆದರೆ ಒಳಗೆ ನೋಡದೆ ಅದನ್ನು ಹೇಳುವವರು ಯಾರು? ಅಪ್ಪನೂ ನಿನ್ನ ಹಾಗೆಯೇ ಕೂತು ಕೂತು ಅಷ್ಟೇ ಎಂದುಕೊಂಡವರು. ಸಮಯ ಸಿಕ್ಕಾಗ ರಜೆ ಹಾಕಿ ಬಾ, ಆ ಡಾಕ್ಟರಿಗೆ ತೋರಿಸೋಣ.

ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಕೋಪವೆಲ್ಲ ನನ್ನ ಮೇಲೆಯೇ ಇರಲಿ, ನನಗೆ ಬೆನ್ನು ಗಟ್ಟಿಯಿದೆ. ನೀನು ತಣ್ಣಗಿರು, ನಿನ್ನ ಕ್ರೇನು ನೆಟ್ಟಗಿರಲಿ, ನಿನ್ನ ತಲೆಯ ಮೇಲೆ ನನ್ನ ಕೈ ಯಾವತ್ತೂ ಇದೆ.

ಇಂತಿ,
ನಿನಗೆ ಟಾರ್ಚು ಹಿಡಿದಿದ್ದ
ಅಕ್ಕ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮೇಲಿನದ್ದೆಲ್ಲ ಬರೆದು ಅಪ್ಪನ ಕೈಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಒಂದೊಂದು ಸಾಲೂ ಓದಿದರು. ಬೈಯುತ್ತಾರೆ, ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. 'ಸಮಯ ಸಿಕ್ಕಾಗ' ಎಂಬಲ್ಲಿ ಬೆರಳಿಟ್ಟು, "ಇದೇನಿದು? ನಾನೂ ಹಿಂಗೇ ಸಮಯ ನೋಡ್ತಾ ಕೂತಿದ್ದೆ" ಎಂದರು. ಕಣ್ಣೊರೆಸಿಕೊಂಡರು. ಅದಕ್ಕೇ ಈಗ ಹೇಳುತ್ತಿದ್ದೇನೆ, ಮೇಲೆ ಬರೆದದ್ದನ್ನು ಮರೆತುಬಿಡು. ಸಮಯ ಸಿಕ್ಕಾಗ ಅಲ್ಲ, ಈಗ. ಗುರುವಾರ ಬೆಳಿಗ್ಗೆ ನಿನ್ನ ಪರೀಕ್ಷೆ, ಡಾಕ್ಟರಿಗೆ ಹೇಳಿಯಾಗಿದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಭಾವ ರಜೆ ಹಾಕಿ ರಾತ್ರಿಯ ಬಸ್ಸಿಗೆ ಹೊರಟಿದ್ದಾರೆ, ಇದನ್ನು ನಿನ್ನ ಕೈಗೆ ಕೊಡುವವರು ಅವರೇ. ಓದುವಾಗ ಎದುರಿಗೇ ನಿಂತಿರುತ್ತಾರೆ, ತಲೆ ಎತ್ತಿ ನೋಡು. ನಿನ್ನನ್ನು ಕರೆದುಕೊಂಡು ಬರದಿದ್ದರೆ ಮನೆಯೊಳಗೆ ಬಿಡುವುದಿಲ್ಲ ಎಂದು ಹೇಳಿದ್ದೇನೆ. ಪಾಪ, ಇಷ್ಟು ತಿಂಗಳು ಬಾಯಿ ಕಟ್ಟಿದ್ದವರು, ದಾರಿಯುದ್ದಕ್ಕೂ ಮಾತಾಡಲಿ ಬಿಡು. ಅಪ್ಪ ಬಸ್‌ಸ್ಟ್ಯಾಂಡಿಗೇ ಬರುತ್ತಾರಂತೆ. ಎಲ್ಲೆಲ್ಲಿ ಹರಿದಿತ್ತು ಅಂತ ಅವನಿಗೆ ನಾನೇ ಬೆರಳಿಟ್ಟು ತೋರಿಸ್ತೀನಿ ಎಂದು ಈಗಲೇ ಅಂಗಿಯ ಗುಂಡಿ ಬಿಚ್ಚಿ ನೋಡಿಕೊಳ್ಳುತ್ತಿದ್ದಾರೆ. ಭಾವ ಚಪ್ಪಲಿ ಹಾಕಿಕೊಂಡರು, ನಿಲ್ಲಿಸುತ್ತೇನೆ. ಬಟ್ಟೆಬರೆ ತರದಿದ್ದರೂ ಪರವಾಗಿಲ್ಲ, ಇಲ್ಲಿವೆ. ಆ ದಿಂಬನ್ನು ಮಾತ್ರ ಅಲ್ಲೇ ಬಿಟ್ಟು ಬಾ.